ಅಡುಗೆಮನೆಯ ಭೌತವಿಜ್ಞಾನ

(ಬಾನುಲಿ ಭಾಷಣ)

ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡ ಅಧ್ಯಾಪಕನೊಬ್ಬ ಭೌತವಿಜ್ಞಾನವನ್ನು ಕುರಿತು ಮಾತನಾಡಲು ಹೊರಟರೆ, ‘ಇವರಿಗೇಕೆ ಈ ಉಸಾಬರಿ?’ ಎಂದು ಕೇಳುಗರಿಗೆ ಅನ್ನಿಸುವುದು ಸಹಜವೇ. ನನಗೂ ಹಾಗೆ ಅನ್ನಿಸಿದ್ದುಂಟು. ಆದರೂ ಧೈರ್ಯ ಮಾಡಿದ್ದೇನೆ. ವಿಜ್ಞಾನಕ್ಕೆ ಹೆದರಿ ಓಡಿದ ಹುಡುಗನೊಬ್ಬ ಹೇಗಿರುತ್ತಾನೆ ಎಂಬುದನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಏಕೆಂದರೆ ಆ ಹುಡುಗ ನಾನೇ.

ನಾನು ಓದಿದ ಶಾಲೆಯಲ್ಲಿ ವಿಜ್ಞಾನದ ಉಪಕರಣಗಳಿಗೆಂದು ಗಾಜಿನ ಬಾಗಿಲಿನ ಬೀರುವೊಂದಿತ್ತು. ಅದರೊಳಗೆ ಒಂದು ಉಷ್ಣಮಾಪಕ, ಒಂದು ಆಯಸ್ಕಾಂತ, ಪುಟ್ಟ ತಕ್ಕಡಿ, ಉದ್ದ ಕತ್ತಿನ ನಾಲ್ಕಾರು ಗಾಜಿನ ಪಾತ್ರೆಗಳು ಸಾಲಾಗಿ ನಿಂತಿದ್ದುವು. ಬೀರುವಿಗೆ ಸದಾ ಬೀಗ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಬಾಗಿಲು ತೆರೆದು, ಅವುಗಳಿಗೆ ಅರಿಸಿನ ಕುಂಕುಮವಿಟ್ಟು, ಮಂಗಳಾರತಿ ಮಾಡಿ, ಮತ್ತೆ ಬೀಗ ಹಾಕುತ್ತಿದ್ದರು. ವಿಜ್ಞಾನವೆಂದರೆ ಕೈಮುಗಿಯಬೇಕಾದದ್ದು, ಮುಟ್ಟಬಾರದ್ದು ಎಂಬ ಭಾವನೆ ನನ್ನಲ್ಲಿ ಬೇರೂರಿದ್ದು ಆಗ.

ಆ ದಿನಗಳಲ್ಲೇ ಒಂದು ರಾಮನವಮಿಯಂದು, ಪಾನಕಕ್ಕೆ ಹಾಕಲೆಂದು ಪೇಟೆಯಿಂದ ಮಂಜುಗಡ್ಡೆ ತಂದಿದ್ದರು. ನನ್ನ ಪಾಲಿನ ಲೋಟದ ಹೊರಮೈಯೆಲ್ಲ ಹನಿಗಟ್ಟಿತು. ಲೋಟ ಸೋರುತ್ತಿದೆಯೆಂದು ಬಗೆದು ನಾಲಿಗೆಯಿಂದ ನೆಕ್ಕಿ ನೋಡಿದೆ. ಹನಿ ಸಪ್ಪಗಿತ್ತು, ಒಳಗಿನ ಪಾನಕ ಸಿಹಿಯಾಗಿತ್ತು. ಮರುದಿನ ತರಗತಿಯಲ್ಲಿ ಎದ್ದು ನಿಂತು, ‘ಸಾರ್, ಪಾನಕ ಸೋರಿದ್ದರೆ ಹನಿಯೂ ಸಿಹಿಯಾಗಿರಬೇಕಿತ್ತಲ್ಲ?’ ಎಂದು ಕೇಳಿದೆ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿ ಕಾಲಹರಣ ಮಾಡುವವನೆಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಲಾಯಿತು. ಆ ವರ್ಷವಿಡೀ ಗೆಳೆಯರಿಗೆ ನಾನು ‘ಲೋಟ ನೆಕ್ಕಿದವನು’. ಗಾಳಿಯಲ್ಲಿ ಕಾಣದಂತೆ ಇರುವ ನೀರಾವಿ ತಣ್ಣನೆಯ ಲೋಟಕ್ಕೆ ತಾಗಿ ಹನಿಯಾಗುತ್ತದೆಂಬುದನ್ನು ಎಷ್ಟೋ ವರ್ಷಗಳ ಮೇಲೆ ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿದೆ. ಅಷ್ಟು ಹೊತ್ತಿಗೆ ನಾನು ವಿಜ್ಞಾನವನ್ನು ಬಿಟ್ಟು ಬಹಳ ದೂರ ಬಂದಿದ್ದೆ. ಕನ್ನಡವನ್ನು ನಾನು ಪ್ರೀತಿಯಿಂದಲೇ ಓದಿದೆ, ಪ್ರೀತಿಯಿಂದಲೇ ಕಲಿಸಿದೆ. ಆದರೆ ಆ ಬಾಗಿಲಿಗೆ ನನ್ನನ್ನು ಮೊದಲು ತಳ್ಳಿದ್ದು ಭಯವೆಂಬುದನ್ನು ಈ ವಯಸ್ಸಿನಲ್ಲಿ ಮರೆಮಾಚಿ ಪ್ರಯೋಜನವಿಲ್ಲ.

ನಿವೃತ್ತನಾದ ಮೇಲೆ ನಮ್ಮ ಹಿರಿಯರ ಊರಾದ ಹೆಮ್ಮಿಗೆಗೆ ಬಂದು ನೆಲೆಸಿದೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ತಲಕಾಡಿನ ಮರಳಿನತ್ತ ಸಾಗುವ ಸೀಮೆ ಅದು. ಸಂಜೆಯ ಹೊತ್ತು ನೆರೆಹೊರೆಯ ಮಕ್ಕಳು ಉಕ್ತಲೇಖನಕ್ಕೆಂದೂ ವ್ಯಾಕರಣಕ್ಕೆಂದೂ ನಮ್ಮ ಜಗಲಿಗೆ ಬರತೊಡಗಿದರು. ಒಂದು ಸಂಜೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂಲೆಯಲ್ಲಿ ಕುಳಿತು ಆರ್ಕಿಮಿಡೀಸನ ತತ್ತ್ವವನ್ನು ಉರುಹೊಡೆಯುತ್ತಿದ್ದಳು. ವಸ್ತು, ದ್ರವ, ಸ್ಥಾನಪಲ್ಲಟ, ಮೇಲ್ಮುಖ ಬಲ ಎಲ್ಲವೂ ಒಂದಕ್ಷರ ತಪ್ಪದೆ, ಶ್ಲೋಕದ ಧಾಟಿಯಲ್ಲಿ ಬಂದುವು.

‘ಸ್ಥಾನಪಲ್ಲಟ ಅಂದರೆ ಏನು ಮಗು?’ ಎಂದೆ.

‘ಪುಸ್ತಕದಲ್ಲಿ ಹಾಗೇ ಇದೆ ತಾತ’ ಎಂದಳು.

ನಲ್ಲಿಯಲ್ಲಿ ನೀರು ಬಾರದ ದಿನ ಅದು. ಅವಳ ತಾಯಿ ನಮ್ಮ ಹಿತ್ತಿಲಿನ ಬಾವಿಗೆ ಕೊಡ ತಂದಿದ್ದವರು ಈ ಮಾತು ಕೇಳಿ ನಿಂತು, ‘ಇವಳಿಗೆ ಸೈನ್ಸು ತಲೆಗೆ ಹತ್ತೋದಿಲ್ಲ ಮೇಷ್ಟ್ರೇ. ಎಸ್ಸೆಸ್ಸೆಲ್ಸಿ ಒಂದು ಆಗಲಿ, ಆಮೇಲೆ ಸಾಕು ಅಂತಾರೆ ಅವರಪ್ಪ’ ಎಂದರು. ಹುಡುಗಿ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ನನಗೆ ಪರಿಚಿತವಾದದ್ದು.

ನಾವೆಲ್ಲ ಬಾವಿಯ ಬಳಿಗೆ ಹೋದೆವು. ಹಗ್ಗವನ್ನು ಅವಳ ಕೈಗೆ ಕೊಡಿಸಿ, ‘ಕೊಡ ಎಲ್ಲಿ ಭಾರ, ಎಲ್ಲಿ ಹಗುರ, ನೋಡಿ ಹೇಳು’ ಎಂದೆ. ಎಳೆಯುತ್ತಲೇ ಹೇಳಿದಳು: ‘ನೀರೊಳಗೆ ಇರೋ ತನಕ ಭಾರಾನೇ ಇಲ್ಲ ತಾತ. ಮೇಲಕ್ಕೆ ಬಂದ ಕೂಡಲೆ ಜಗ್ಗುತ್ತೆ.’ ತಾಯಿ ನಕ್ಕರು: ‘ಅದು ಯಾರಿಗೆ ಗೊತ್ತಿಲ್ಲ!’

ಶ್ರೋತೃಮಿತ್ರರೇ, ನನ್ನನ್ನು ಕಾಡಿದ ಸಂಗತಿ ಇದೇ. ನೀರೆಳೆದವರಿಗೆಲ್ಲ ಗೊತ್ತಿದ್ದ ಆ ಸಂಗತಿಯೂ, ಹುಡುಗಿ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದ ಆ ವಾಕ್ಯವೂ ಒಂದೇ ಎಂದು ಅವಳಿಗೆ ಅದುವರೆಗೆ ಯಾರೂ ತಿಳಿಸಿರಲಿಲ್ಲ. ಪುಸ್ತಕ ಜಗಲಿಯಲ್ಲಿತ್ತು, ಬಾವಿ ಹಿತ್ತಿಲಲ್ಲಿತ್ತು. ನಡುವೆ ಇದ್ದದ್ದು ಒಂದು ಅಡುಗೆಮನೆ ಮಾತ್ರ.

ಮರುದಿನದಿಂದ ನಾವು ಆ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡೆವು. ಹಳೆಯ ಪತ್ರಿಕೆ ಕೊಳ್ಳುವವನಿಂದ ಕೊಕ್ಕೆಯ ತಕ್ಕಡಿಯೊಂದನ್ನು ಎರವಲು ತಂದೆವು. ಕಲ್ಲೊಂದನ್ನು ದಾರದಲ್ಲಿ ಕಟ್ಟಿ ಮೊದಲು ಗಾಳಿಯಲ್ಲಿ, ಆಮೇಲೆ ಕಂಠಮಟ್ಟ ತುಂಬಿದ ಪಾತ್ರೆಯೊಳಗೆ ಮುಳುಗಿಸಿ ತೂಗಿದೆವು; ಹೊರಚೆಲ್ಲಿದ ನೀರನ್ನು ತಟ್ಟೆಯಲ್ಲಿ ಹಿಡಿದು ಅದನ್ನೂ ತೂಗಿದೆವು. ಗ್ರಾನೈಟ್ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಆದ್ದರಿಂದ ಒಂದು ಕಿಲೋಗ್ರಾಂ ತೂಗುವ ಅಂಥ ಕಲ್ಲು ನೀರಿನೊಳಗೆ ಸುಮಾರು 630 ಗ್ರಾಂ ತೂಗಬೇಕು. ಚೆಲ್ಲಿದ ನೀರು ಸುಮಾರು 370 ಗ್ರಾಂ ಇರಬೇಕು. ನಮ್ಮ ಲೆಕ್ಕ ಇಷ್ಟು ಚೊಕ್ಕವಾಗಿ ಬರಲಿಲ್ಲ. ನಾಲ್ಕು ಸಲ ತೂಗಿದರೆ ನಾಲ್ಕು ಅಂಕಿಗಳು. ಒಬ್ಬನ ಕೈ ಅದುರಿತು, ಇನ್ನೊಬ್ಬ ತಟ್ಟೆಯ ತೂಕವನ್ನು ಕಳೆಯಲು ಮರೆತ. ಆದರೆ ಕಲ್ಲು ಕಳೆದುಕೊಂಡ ತೂಕವೂ ಚೆಲ್ಲಿದ ನೀರಿನ ತೂಕವೂ ಪ್ರತಿ ಸಲವೂ ಹತ್ತಿರ ಹತ್ತಿರ ಬಂದು ನಿಂತುವು. ‘ಕಲ್ಲು ನೀರನ್ನು ಆಚೆಗೆ ತಳ್ಳಿ ತಾನು ಜಾಗ ಮಾಡಿಕೊಳ್ತು, ಅದೇ ಅಲ್ಲವಾ ತಾತ ಸ್ಥಾನಪಲ್ಲಟ?’ ಎಂದು ಆ ಹುಡುಗಿಯೇ ಕೇಳಿದಳು. ಆ ಶಬ್ದದ ಅರ್ಥವನ್ನು ನಾನು ನಿಘಂಟಿನಿಂದ ಹೇಳಿದ್ದರೆ ಅದು ಅವಳದಾಗುತ್ತಿರಲಿಲ್ಲ.

ಭಾಷೆಯ ಅಧ್ಯಾಪಕನಾಗಿ ಇಲ್ಲಿ ಒಂದು ಮಾತನ್ನು ಹೇಳುವುದು ನನ್ನ ಕರ್ತವ್ಯ. ಪಾರಿಭಾಷಿಕ ಶಬ್ದಗಳು ಬೇಕು. ಅವಿಲ್ಲದೆ ಶಾಸ್ತ್ರ ನಡೆಯದು. ಆದರೆ ವಸ್ತು ಮೊದಲು, ಹೆಸರು ಆಮೇಲೆ. ಹಾರೆಯಿಂದ ಬಂಡೆಯನ್ನು ಮೀಟುವುದನ್ನು ಕಂಡ ಮಗುವಿಗೆ ಸನ್ನೆಕೋಲು ಹೊಸದಲ್ಲ. ಅಡಕತ್ತರಿಯ ಸಂದಿನ ಹತ್ತಿರ ಅಡಕೆಯನ್ನಿಟ್ಟರೆ ಸುಲಭವಾಗಿ ಹೋಳಾಗುತ್ತದೆ, ತುದಿಯಲ್ಲಿಟ್ಟರೆ ಅಜ್ಜಿಯ ಕೈ ಸೋಲುತ್ತದೆ. ಬಾಗಿಲನ್ನು ಅಂಚಿನಲ್ಲಿ ದೂಡಿದರೆ ಒಂದು ಬೆರಳು ಸಾಕು, ತಿರುಗಣಿಯ ಪಕ್ಕದಲ್ಲಿ ದೂಡಿದರೆ ಎರಡು ಕೈಯೂ ಸಾಲದು. ಇಷ್ಟನ್ನು ಮಾಡಿ ನೋಡಿದ ಮೇಲೆ ‘ಆಧಾರಬಿಂದು’ ಎಂಬ ಮಾತನ್ನು ಕೊಟ್ಟರೆ ಮಕ್ಕಳು ಅದನ್ನು ತಮ್ಮ ವಸ್ತುವೆಂಬಂತೆ ತೆಗೆದುಕೊಳ್ಳುತ್ತಾರೆ. ಮನೆಯ ಮಾತಿಗೂ ಶಾಸ್ತ್ರದ ಮಾತಿಗೂ ಜಗಳ ಬರುವ ಎಡೆಗಳೂ ಉಂಟು. ಕೊಡವನ್ನು ಸೊಂಟದ ಮೇಲಿಟ್ಟು ಅಲುಗಾಡದೆ ಅರ್ಧ ಗಂಟೆ ನಿಂತವಳು ಕೊಡದ ಮೇಲೆ ಯಾವ ‘ಕೆಲಸ’ವನ್ನೂ ಮಾಡಿಲ್ಲವೆನ್ನುತ್ತದೆ ಭೌತವಿಜ್ಞಾನ, ಬಲ ಪ್ರಯೋಗವಾದ ದಿಕ್ಕಿನಲ್ಲಿ ವಸ್ತು ಚಲಿಸಿದರೆ ಮಾತ್ರ ಅಲ್ಲಿ ಕೆಲಸ. ಇದನ್ನು ಹೇಳಿದಾಗ ಆ ತಾಯಿ, ‘ಹಾಗಂತ ಬರೆದೋರು ಒಂದು ದಿನ ನೀರು ಹೊತ್ತು ನೋಡಲಿ!’ ಎಂದರು. ಮಕ್ಕಳು ನಕ್ಕರು, ಆದರೆ ಆ ವ್ಯತ್ಯಾಸವನ್ನು ಮತ್ತೆ ಮರೆಯಲಿಲ್ಲ.

ಕಣ್ಣು ಕೈಗಳನ್ನು ನಂಬಿ ಎನ್ನುತ್ತೇನಾದರೂ, ಅವು ಹೇಳಿದ್ದೆಲ್ಲ ನಿಜವಲ್ಲ ಎಂಬುದನ್ನೂ ಮನೆಯ ಪಾತ್ರೆಗಳೇ ಕಲಿಸುತ್ತವೆ. ಮೂರು ಬೋಗುಣಿಗಳಲ್ಲಿ ಕ್ರಮವಾಗಿ ತಣ್ಣೀರು, ಉಗುರುಬೆಚ್ಚಗಿನ ನೀರು, ಕೈ ತಾಳುವಷ್ಟು ಬಿಸಿನೀರು ಇಡಿ. ಎಡಗೈ ತಣ್ಣೀರಿನಲ್ಲಿ, ಬಲಗೈ ಬಿಸಿನೀರಿನಲ್ಲಿ ಒಂದು ನಿಮಿಷ ಇರಲಿ. ಬಳಿಕ ಎರಡನ್ನೂ ನಡುವಿನ ಬೋಗುಣಿಯಲ್ಲಿ ಅದ್ದಿದರೆ ಎಡಗೈ ‘ಬಿಸಿ’ ಎನ್ನುತ್ತದೆ, ಬಲಗೈ ‘ತಂಪು’ ಎನ್ನುತ್ತದೆ. ಒಂದೇ ನೀರು, ಒಂದೇ ಮಗು, ಎರಡು ಸಾಕ್ಷಿಗಳು. ಉಷ್ಣಮಾಪಕ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾನು ಕಾಣೆ.

ಹಾಗೆಯೇ ಊಹೆಯ ಮಾತು. ದಾರಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ತೂಗಾಡಿಸಿ, ಅದೇ ಉದ್ದದ ಇನ್ನೊಂದು ದಾರಕ್ಕೆ ದೊಡ್ಡ ಕಲ್ಲು ಕಟ್ಟಿದರೆ ಯಾವುದು ಬೇಗ ಬೇಗ ತೂಗುತ್ತದೆ ಎಂದು ಕೇಳಿದೆ. ‘ದೊಡ್ಡದು’ ಎಂದರು ಕೆಲವರು. ‘ಚಿಕ್ಕದು’ ಎಂದರು ಉಳಿದವರು. ಎರಡೂ ಒಂದೇ ಗತಿಯಲ್ಲಿ ತೂಗಿದುವು. ಗತಿ ಬದಲಾದದ್ದು ದಾರದ ಉದ್ದವನ್ನು ಬದಲಿಸಿದಾಗ. ಮೇಲಿನ ಗಂಟಿನಿಂದ ಕಲ್ಲಿನ ನಡುವಿನವರೆಗೆ 25 ಸೆಂಟಿಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು ಒಂದು ಸೆಕೆಂಡ್. ಒಂದು ಮೀಟರ್ ಆದರೆ ಸುಮಾರು ಎರಡು ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು. ಗೋಡೆಯ ಗಡಿಯಾರವನ್ನು ನೋಡುತ್ತ ಮೂವತ್ತು ತೂಗುಗಳನ್ನು ಎಣಿಸಿದರೆ ಯಾವ ಮಗುವಾದರೂ ಇದನ್ನು ತಾನೇ ಕಂಡುಕೊಳ್ಳಬಹುದು.

ಇನ್ನು ನನ್ನ ಸೋಲಿನ ಕಥೆಯನ್ನು ಹೇಳಬೇಕು. ಈ ಭಾಷಣಕ್ಕೆ ಒಪ್ಪಿಕೊಂಡದ್ದೇ ಅದನ್ನು ಹೇಳುವುದಕ್ಕಾಗಿ.

ತಟ್ಟೆಯಲ್ಲಿ ಅರಿಸಿನದ ನೀರು ಹಾಕಿ, ನಡುವೆ ಮೇಣದ ಬತ್ತಿ ನಿಲ್ಲಿಸಿ ಹಚ್ಚಿ, ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ ಬತ್ತಿ ಆರಿ, ನೀರು ಲೋಟದೊಳಕ್ಕೆ ಏರುತ್ತದೆ. ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ. ಬತ್ತಿ ಅದನ್ನು ಉರಿಸಿ ಮುಗಿಸಿತು. ತೆರವಾದ ಜಾಗಕ್ಕೆ ನೀರು ಬಂತು — ಹೀಗೆಂದು ನಾನು ಹಿಂದೆ ಎಲ್ಲೋ ಓದಿದ್ದೆ. ಮಕ್ಕಳಿಗೂ ಗಂಭೀರವಾಗಿ ಹಾಗೆಯೇ ಹೇಳಿದೆ. ಎಲ್ಲರೂ ತಲೆದೂಗಿದರು. ಸೈನ್ಸು ತಲೆಗೆ ಹತ್ತದೆಂದು ಹೆಸರಾದ ಆ ಹುಡುಗಿ ಮಾತ್ರ ತಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ‘ಇನ್ನೊಂದು ಸಲ ಮಾಡೋಣವಾ ತಾತ?’ ಎಂದಳು. ಮಾಡಿದೆವು. ಮೂರನೆಯ ಸಲವೂ ಮಾಡಿಸಿದಳು. ಆಮೇಲೆ ಬಹಳ ಅಂಜುತ್ತ ಹೇಳಿದಳು: ‘ಬತ್ತಿ ಉರಿಯೋವಾಗ ನೀರು ಅಷ್ಟಾಗಿ ಏರಲೇ ಇಲ್ಲ. ಆರಿದ ಮೇಲೆ ಏರ್ತು. ಗಾಳೀನ ಬತ್ತಿ ತಿನ್ನೋದಾದರೆ ಉರಿಯೋವಾಗ ತಾನೇ ತಿನ್ನಬೇಕು? ಮತ್ತೆ, ಲೋಟ ಇಟ್ಟ ಕೂಡಲೆ ಅಂಚಿನಲ್ಲಿ ಗುಳ್ಳೆ ಆಚೆಗೆ ಬಂತು.’

ನಾನು ನಿರುತ್ತರನಾದೆ. ಎರಡು ಬತ್ತಿ ಇಟ್ಟು ನೋಡೋಣವೆಂದಳು. ಅದೇ ಲೋಟ, ಆದರೆ ನೀರು ಮೊದಲಿಗಿಂತ ಎತ್ತರಕ್ಕೆ ಏರಿತು. ಲೋಟದೊಳಗಿನ ಆಮ್ಲಜನಕ ಇದ್ದಷ್ಟೇ ಇರುವಾಗ, ಬತ್ತಿ ಎರಡಾದರೆ ನೀರು ಹೆಚ್ಚು ಏರುವುದೇಕೆ? ನನ್ನ ವಿವರಣೆ ಕುಸಿದು ಬಿತ್ತು.

ಆ ರಾತ್ರಿ ಪುಸ್ತಕಗಳನ್ನು ತೆರೆದು ಕುಳಿತೆ. ಹುಡುಗಿಯ ಕಣ್ಣೇ ಸರಿ ಎಂದು ತಿಳಿಯಿತು. ಲೋಟವನ್ನು ಕವುಚುವಾಗಲೇ ಉರಿಯ ಸುತ್ತಲಿನ ಗಾಳಿ ಕಾದು ಹಿಗ್ಗಿರುತ್ತದೆ. ಒಂದಿಷ್ಟು ಗಾಳಿ ಗುಳ್ಳೆಯಾಗಿ ಹೊರಬೀಳುತ್ತದೆ. ಬತ್ತಿ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ದೂಡುತ್ತದೆ. ನೀರಿನ ಏರಿಕೆಗೆ ಮುಖ್ಯ ಕಾರಣ ಅದು. ಆಮ್ಲಜನಕ ವ್ಯಯವಾಗುವುದು ನಿಜ. ಆದರೆ ಅದರ ಬದಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ಅಲ್ಲದೆ ಆಮ್ಲಜನಕ ಪೂರ್ತಿ ಮುಗಿಯುವ ಮುನ್ನವೇ ಬತ್ತಿ ಆರಿಬಿಡುತ್ತದೆ.

ಮಾರನೆಯ ಸಂಜೆ ಮಕ್ಕಳ ಮುಂದೆ, ‘ನಾನು ನಿನ್ನೆ ಹೇಳಿದ್ದು ತಪ್ಪು, ಇವಳು ಕಂಡದ್ದು ಸರಿ’ ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂಬುದು ಅಧ್ಯಾಪಕರಾಗಿದ್ದವರಿಗೆ ಮಾತ್ರ ವೇದ್ಯವಾದೀತು. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅದುವರೆಗೆ ಬಾಯಿಬಿಡದಿದ್ದ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಪ್ರಶ್ನೆ ಕೇಳತೊಡಗಿದರು. ಮಣ್ಣಿನ ಗಡಿಗೆಯ ನೀರು ಮಾತ್ರ ಏಕೆ ತಣ್ಣಗಿರುತ್ತದೆ? ಸೌಟಿನ ಹಿಡಿಗೆ ಮರ ಏಕೆ? ಕುಕ್ಕರಿನ ಮುಚ್ಚಳ ಸೀಟಿ ಇಳಿಯುವ ತನಕ ಏಕೆ ಬಿಗಿದುಕೊಂಡಿರುತ್ತದೆ? ಮೇಷ್ಟರೂ ತಪ್ಪಬಹುದೆಂದು ತಿಳಿದ ಮೇಲೆ, ತಪ್ಪು ಪ್ರಶ್ನೆ ಕೇಳಿಬಿಟ್ಟೇವೆಂಬ ಅಂಜಿಕೆ ಅವರಿಗೆ ಉಳಿಯಲಿಲ್ಲ.

ಮನೆಯ ಪಾತ್ರೆಗಳಿಂದ ವಿಜ್ಞಾನ ಕಲಿಸುವುದು ಖರ್ಚು ಕಡಿಮೆಯೆಂಬ ಕಾರಣಕ್ಕೆ ಮಾತ್ರ ಮೆಚ್ಚತಕ್ಕದ್ದೆಂದು ನಾನೂ ಮೊದಲು ಭಾವಿಸಿದ್ದೆ. ಈಗ ಹಾಗೆ ತೋರುವುದಿಲ್ಲ. ಬೀರುವಿನೊಳಗಿನ ಉಪಕರಣ ಮೇಷ್ಟರ ಸ್ವತ್ತು. ಅದು ಏನು ಹೇಳಬೇಕೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಲೋಟ, ಚೊಂಬು, ತಟ್ಟೆ ಮಗುವಿನವು. ಅವುಗಳ ಮುಂದೆ ಕಲಿಸುವವನೂ ಕಲಿಯುವವನೂ ಸಮಾನರು. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಅಲ್ಲೇ ಮತ್ತೊಮ್ಮೆ ಮಾಡಿ ನೋಡಬಲ್ಲ. ವಿಜ್ಞಾನದ ಸತ್ತ್ವವೆಲ್ಲ ಈ ‘ಮತ್ತೊಮ್ಮೆ ಮಾಡಿ ನೋಡುವ’ ಹಕ್ಕಿನಲ್ಲಿದೆ.

ಇದು ನನ್ನ ಹೊಸ ಶೋಧವೇನಲ್ಲ. ಪುಸ್ತಕದ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆ ಮುಂದೆ ಮಹಾವಿಜ್ಞಾನಿಯಾಗಿ, 1860–61ರ ಚಳಿಗಾಲದಲ್ಲಿ ಲಂಡನ್ನಿನ ಎಳೆಯರೆದುರು ಒಂದು ಮೇಣದ ಬತ್ತಿಯನ್ನೇ ಮುಂದಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳು ಹಾಳಾದ ದೇಶಗಳ ಅಧ್ಯಾಪಕರಿಗಾಗಿ ಸಿದ್ಧವಾದ ಕಿರುಹೊತ್ತಗೆಯೊಂದು ಬೆಳೆದು, 1956ರಲ್ಲಿ ಯುನೆಸ್ಕೋದ ವಿಜ್ಞಾನ ಬೋಧನೆಯ ಆಕರಗ್ರಂಥವಾಯಿತು. ಡಬ್ಬಿ, ಬಾಟಲಿ, ದಾರಗಳಿಂದ ಉಪಕರಣ ಮಾಡಿಕೊಳ್ಳುವ ವಿಧಾನಗಳು ಅದರ ತುಂಬ ಇವೆ. ನಮ್ಮ ದೇಶದಲ್ಲಿ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಹಳ್ಳಿಶಾಲೆಗಳಲ್ಲಿ, ಮಕ್ಕಳು ತಾವೇ ಮಾಡಿ ನೋಡಿ ಕಲಿಯುವ ಕ್ರಮ ಆರಂಭವಾಯಿತು. ಮುಂದೆ ನೂರಾರು ಶಾಲೆಗಳಿಗೆ ಹಬ್ಬಿ, ಮೂವತ್ತು ವರ್ಷ ನಡೆದು, 2002ರಲ್ಲಿ ನಿಂತಿತು.

ಕನ್ನಡಕ್ಕೂ ಈ ಹಂಬಲ ಹಳೆಯದೇ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ತಂದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ‘ಬಾಲ ವಿಜ್ಞಾನ’ ಪತ್ರಿಕೆಯನ್ನು ಮೈಸೂರಿನ ಜೆ.ಆರ್. ಲಕ್ಷ್ಮಣರಾಯರಂಥವರು ಕಟ್ಟಿ ಬೆಳೆಸಿದರು. ಅಷ್ಟೇಕೆ, 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಪ್ರೇಷಕಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಮನೆಯೇ ಪ್ರಯೋಗಶಾಲೆಯಾಗಬಲ್ಲದು ಎಂಬುದಕ್ಕೆ ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಬೇರೆ ನಿದರ್ಶನ ಹುಡುಕಬೇಕಾಗಿಲ್ಲ.

ಎರಡು ಎಚ್ಚರಿಕೆಯ ಮಾತುಗಳು. ಬೆಂಕಿ, ಬಿಸಿನೀರು, ಬಾವಿ, ಗಾಜು ಇರುವೆಡೆ ದೊಡ್ಡವರು ಪಕ್ಕದಲ್ಲಿರಲೇಬೇಕು. ಮನೆಯ ವಿದ್ಯುತ್ತಿನ ತಂಟೆಗೆ ಮಕ್ಕಳು ಹೋಗಕೂಡದು, ಬ್ಯಾಟರಿ ಸೆಲ್ ಒಂದೇ ಸಾಕು. ಇನ್ನೊಂದು, ಈಗ ಇಂಥ ಪ್ರಯೋಗಗಳೆಲ್ಲ ಮೊಬೈಲಿನಲ್ಲಿ ನೋಡಲು ಸಿಗುತ್ತವೆ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಕಾಣುವುದು ಬೇರೊಬ್ಬರು ಮಾಡಿ ಗೆದ್ದ ಪ್ರಯೋಗ. ಮಗುವಿನ ಕೈಯಲ್ಲಿ ಕೆಡುವ ಪ್ರಯೋಗದಲ್ಲಿ ಕಲಿಯಬೇಕಾದದ್ದು ಅದಕ್ಕಿಂತ ಹೆಚ್ಚು ಇರುತ್ತದೆ.

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅಂಕಗಳು ಬಹಳವೇನೂ ಹೆಚ್ಚಿಲ್ಲ. ಪರೀಕ್ಷೆ ಇಂದಿಗೂ ಶ್ಲೋಕವನ್ನೇ ಕೇಳುತ್ತದೆ. ಆದರೆ ಅವಳು ಒಂದು ಪುಸ್ತಕವಿಟ್ಟುಕೊಂಡು, ಕಂಡದ್ದನ್ನು ಒಂದು ಪುಟದಲ್ಲಿ, ತಿಳಿಯದ್ದನ್ನು ಎದುರು ಪುಟದಲ್ಲಿ ಬರೆಯುತ್ತಾಳೆ. ಮೊನ್ನೆ ಅವಳ ತಾಯಿ, ‘ಈಗ ಅನ್ನಕ್ಕಿಟ್ಟರೂ ಪ್ರಶ್ನೆ, ಹಾಲುಕ್ಕಿದರೂ ಪ್ರಶ್ನೆ. ಎಲ್ಲ ನಿಮ್ಮಿಂದಲೇ ಮೇಷ್ಟ್ರೇ’ ಎಂದು ಆಕ್ಷೇಪಿಸಿದರು. ಹೊರಡುವ ಮುನ್ನ ದನಿ ತಗ್ಗಿಸಿ, ‘ಮುಂದಕ್ಕೆ ಓದಿಸೋದು ಅಂದರೆ ನರಸೀಪುರಕ್ಕೆ ಕಳಿಸಬೇಕಾಗುತ್ತೆ ಅಲ್ಲವಾ?’ ಎಂದು ಕೇಳಿದರು. ಅವಳ ತಂದೆ ಇನ್ನೂ ಒಪ್ಪಿಲ್ಲ. ಅವರ ಬಳಿ ಮಾತನಾಡಲು ನಾಳೆ ನಾನು ಹೋಗಬೇಕೆಂದಿದ್ದೇನೆ.

ಈ ಭಾಷಣವನ್ನು ಕೇಳುತ್ತಿರುವ ತಂದೆತಾಯಂದಿರಲ್ಲಿ ನನ್ನದೊಂದೇ ಬಿನ್ನಹ. ನಿಮ್ಮ ಮನೆಯಲ್ಲೂ ಮಗುವೊಂದು ಇವತ್ತೋ ನಾಳೆಯೋ ಲೋಟದ ಹೊರಗಿನ ಹನಿಯನ್ನು ನೆಕ್ಕಿ ನೋಡಿ ನಿಮ್ಮತ್ತ ತಿರುಗೀತು. ಉತ್ತರ ಗೊತ್ತಿದ್ದರೆ ಅವಸರದಿಂದ ಹೇಳಬೇಡಿ. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆನ್ನಿ, ಇನ್ನೊಂದು ಲೋಟ ತರಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.